ಭೂಮಣ್ಣಿ ಬುಟ್ಟಿಯೂ ಒಂಬತ್ತನೇ ತರಗತಿಯೂ

ಡ್ರಾಯಿಂಗ್ ಪೀರಿಯಡ್ ಎಂದರೆ ಪಾಠ ಮುಗಿಯದ ಗಣಿತದ ಮೇಷ್ಟ್ರು ಕೇಳಿ ಪಡೆಯುವ ಪೀರಿಯಡ್. ಸಾಗರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಚಿತ್ರಕಲಾ ಶಿಕ್ಷಕನಾಗಿ ಬಂದ ಮೊದಲೆರಡು ವರ್ಷ ನಾನೂ ಧಾರಾಳವಾಗಿ ಬಿಟ್ಟುಕೊಡುತ್ತಿದ್ದೆ. ಉಳಿದ ಹೊತ್ತಿನಲ್ಲಿ ಹೂಜಿ, ಸೇಬುಹಣ್ಣು, ಮಡಿಕೆ ಬಿದ್ದ ಬಟ್ಟೆ. ಗ್ರೇಡ್ ಪರೀಕ್ಷೆಗೆ ಕೂರುವ ನಾಲ್ಕೈದು ಮಕ್ಕಳು ಮನಸ್ಸಿಟ್ಟು ಬರೆಯುತ್ತಿದ್ದರು, ಮಿಕ್ಕವರು ರಬ್ಬರು ಸವೆಸುತ್ತಿದ್ದರು.

ನಾನು ಬಯಲುಸೀಮೆಯವನು. ಈ ಕಡೆಯ ದೀವರ ಸಮುದಾಯದವರು ಮನೆಯ ಗೋಡೆಗಳಿಗೆ ಬರೆಯುವ ಚಿತ್ತಾರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೆ, ಅಷ್ಟೇ. ನನ್ನ ತರಗತಿಯ ಎಷ್ಟೋ ಮಕ್ಕಳ ಮನೆಗಳಲ್ಲಿ ಅದನ್ನು ಬರೆಯುವ ಕೈಗಳಿವೆ ಎಂದು ತಿಳಿದದ್ದು ಒಂದು ರಜಾ ಅರ್ಜಿಯಿಂದ. ಆ ವರ್ಷ ಭೂಮಿ ಹುಣ್ಣಿಮೆ ದಸರಾ ರಜೆ ಕಳೆದ ಮೇಲೆ ಬಂದಿತ್ತು. 'ಅಜ್ಜಿಗೆ ಬುಟ್ಟಿ ಬರೆಯಲು ಸಹಾಯ ಮಾಡಬೇಕಾಗಿರುವುದರಿಂದ ಒಂದು ದಿನದ ರಜೆ ಕೊಡಬೇಕಾಗಿ ವಿನಂತಿ.' ಚಿತ್ರ ಬರೆಯುವುದಕ್ಕಾಗಿ ಚಿತ್ರಕಲಾ ಶಿಕ್ಷಕನ ಹತ್ತಿರವೇ ರಜೆ ಕೇಳಿದ್ದಳು ಆ ಹುಡುಗಿ.

ಮುಂದಿನ ವರ್ಷ ಜುಲೈಯಲ್ಲೇ ಒಂಬತ್ತನೇ ತರಗತಿಗೆ ಚಿತ್ತಾರ ಕಲಿಸಲು ಹೊರಟೆ. ಹೊರಟದ್ದು ತಪ್ಪು ದಾರಿಯಲ್ಲಿ. ಡ್ರಾಯಿಂಗ್ ಹಾಳೆಗೆ ಕೆಂಪು ಪೋಸ್ಟರ್ ಬಣ್ಣ ಬಳಿಸಿ, ಸ್ಕೇಲು ಕೊಟ್ಟು, ಪೆನ್ಸಿಲ್ಲಿನಲ್ಲಿ ಚೌಕ ಹಾಕಿಸಿ, ಬಿಳಿ ಬಣ್ಣದಲ್ಲಿ ತಿದ್ದಿಸಿದೆ. ಎಲ್ಲವೂ ಗ್ರಾಫ್ ಹಾಳೆಯಂತೆ ಕಂಡವು. ಅರ್ಜಿ ಬರೆದ ಹುಡುಗಿಯ ಅಜ್ಜಿಯನ್ನು ಒಂದು ಶುಕ್ರವಾರ ಶಾಲೆಗೆ ಕರೆಸಿದೆ. ಅವರು ಹಾಳೆಯೊಂದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಚೆನ್ನಾಗಿದೆ ಮೇಷ್ಟ್ರೇ. ಇದನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತೀರಿ?" ಎಂದರು.

ನನ್ನ ಹತ್ತಿರ ಉತ್ತರವಿರಲಿಲ್ಲ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ, ಅಂದರೆ ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತದ ಪೈರು ಬಸುರಿ. ಅದರ ಬಯಕೆಯ ಊಟವನ್ನು ಗದ್ದೆಗೆ ಒಯ್ಯುವುದು ಭೂಮಣ್ಣಿ ಬುಟ್ಟಿಯಲ್ಲಿ. ಹಬ್ಬದ ಚಿತ್ತಾರ ಇರುವುದು ಆ ಬುಟ್ಟಿಯ ಮೈಮೇಲೆ. ಹಾಳೆಗಳನ್ನು ಕಪಾಟಿಗೆ ಸೇರಿಸಿ, ಬಿದಿರು ನೇಯುವವರಿಂದ 90 ರೂಪಾಯಿಗೆ ಒಂದರಂತೆ 14 ಬುಟ್ಟಿ ತಂದೆ. 42 ಮಕ್ಕಳು, ಮೂವರಿಗೊಂದು ಬುಟ್ಟಿ. ಆ ವರ್ಷದ ಹುಣ್ಣಿಮೆ ರಜೆಯೊಳಗೇ ಬೀಳುತ್ತಿತ್ತು. ಹಾಗಾಗಿ ರಜೆಗೆ ಮೊದಲೇ ಎಲ್ಲ ಮುಗಿಯಬೇಕಿತ್ತು.

ಕುಂಚಕ್ಕೆ ಪುಂಡಿ ನಾರು ಬೇಕು. ಹುಡುಗರು ಪುಂಡಿಯ ಕಡ್ಡಿಗಳನ್ನು ಶಾಲೆಯ ಹಿಂದಿನ ಹೊಂಡದಲ್ಲಿ ನೆನೆಹಾಕಿದರು. ವಾರ ಕಳೆಯುವಷ್ಟರಲ್ಲಿ ಅದರ ನಾತ ಮುಖ್ಯೋಪಾಧ್ಯಾಯರ ಕೊಠಡಿಯವರೆಗೂ ಬಂದು, ನನಗೆ ಕರೆ ಬಂತು. 'ಇದು ಹೆಂಗಸರ ಕೆಲಸ' ಎಂದು ಹಿಂದೆ ನಿಂತಿದ್ದ ಹುಡುಗರು ನಾರು ಬಿಡಿಸಿ, ತೊಳೆದು, ಒಣಗಿಸಿ, ತುದಿಯನ್ನು ಕಲ್ಲಿನಲ್ಲಿ ಜಜ್ಜಿ ಕುಂಚ ಕಟ್ಟುವ ಹೊತ್ತಿಗೆ ಆ ಮಾತು ಮರೆತಿದ್ದರು.

ಬುಟ್ಟಿಗೆ ಮೊದಲು ಸೆಗಣಿ, ಅದು ಒಣಗಿದ ಮೇಲೆ ಕೆಮ್ಮಣ್ಣು. ಒಂದೇ ಸಲಕ್ಕೆ ದಪ್ಪಗೆ ಬಳಿದವರ ಬುಟ್ಟಿ ಬಿರುಕು ಬಿಟ್ಟಿತು. ಮಣ್ಣನ್ನು ಬಟ್ಟೆಯಲ್ಲಿ ಸೋಸಿ ತೆಳುವಾಗಿ ಎರಡು ಸಲ ಬಳಿದವರದು ನಿಂತಿತು. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದ ಹಿಟ್ಟು, ಕಪ್ಪಿಗೆ ಕರಕಾಗುವಷ್ಟು ಹುರಿದು ಅರೆದ ಅಕ್ಕಿ. ಹಳದಿ ಗುರಿಗೆ ಕಾಯಿಯಿಂದ ಬರಬೇಕು. ನಮಗೆ ಕಾಯಿ ಸಿಗಲಿಲ್ಲ, ಹಳದಿಯನ್ನೇ ಬಿಟ್ಟೆವು. ಶನಿವಾರ ರುಬ್ಬಿಟ್ಟ ಹಿಟ್ಟು ಸೋಮವಾರಕ್ಕೆ ಹುಳಿ ಬಂದಿತ್ತು. ಇನ್ನೊಂದು ಸಲ ಮುಗಿದ ಎರಡು ಬುಟ್ಟಿಗಳ ಗೆರೆಗಳನ್ನು ರಾತ್ರೋರಾತ್ರಿ ಜಿರಲೆಗಳು ನೆಕ್ಕಿ ಮುಗಿಸಿದ್ದವು. ಆಮೇಲೆ ಬುಟ್ಟಿಗಳನ್ನು ಹಗ್ಗಕ್ಕೆ ಕಟ್ಟಿ ಜಂತಿಗೆ ನೇತುಹಾಕಿದೆವು.

ಅಕ್ಕಿಹಿಟ್ಟಿನ ಗೆರೆಗೆ ಒಂದು ಗುಣವಿದೆ. ಹಸಿಯಿರುವಾಗ ಕೆಮ್ಮಣ್ಣಿನ ಮೇಲೆ ಅದು ಮಂಕು, ಇದ್ದೂ ಇಲ್ಲದಂತೆ. ಒಣಗುತ್ತ ಬಂದಂತೆ ಒಳಗಿನಿಂದ ಬೆಳ್ಳಗೆ ಎದ್ದು ಬರುತ್ತದೆ. ಮಕ್ಕಳು ಕಾಣಲಿಲ್ಲವೆಂದು ಎರಡೆರಡು ಸಲ ಎಳೆದು ಗೆರೆಯನ್ನು ಹಗ್ಗದಷ್ಟು ದಪ್ಪ ಮಾಡಿಕೊಂಡರು. ಅಜ್ಜಿ ಒಮ್ಮೆ ಎಳೆದು ಬುಟ್ಟಿ ತಿರುಗಿಸುತ್ತಿದ್ದರು, ಹಿಂದೆ ನೋಡುತ್ತಿರಲಿಲ್ಲ.

ನಿಜವಾದ ಕಷ್ಟ ಬುಟ್ಟಿಯ ದುಂಡಿನಲ್ಲಿತ್ತು. ಹಾಳೆಗೆ ಅಂಚಿದೆ, ಅಲ್ಲಿಗೆ ನಿಲ್ಲಿಸಬಹುದು. ಬುಟ್ಟಿಯ ಸುತ್ತ ಚಿತ್ತಾರದ ಏಣಿಯ ವಿನ್ಯಾಸ ಬರೆಯುತ್ತ ಹೋದವರು ಶುರುಮಾಡಿದ ಜಾಗಕ್ಕೆ ಬಂದಾಗ ಅರ್ಧ ಏಣಿ ಉಳಿಯುತ್ತಿತ್ತು. ಒಂದು ಗುಂಪು ಟೇಪು ಹಿಡಿದು ಅಳೆಯಿತು: ಕಂಠದ ಸುತ್ತಳತೆ 96 ಸೆಂಟಿಮೀಟರ್, ಏಣಿಯ ಅಗಲ 7. ಹದಿಮೂರು ಏಣಿ ಹಿಡಿದು 5 ಸೆಂಟಿಮೀಟರ್ ಮಿಕ್ಕಿತು. ಅಜ್ಜಿ ಟೇಪು ಮುಟ್ಟಲಿಲ್ಲ. ಕಂಠದ ಮೇಲೆ ಎದುರುಬದುರು ಎರಡು ಚುಕ್ಕಿ ಇಟ್ಟರು. ನಡುವೆ ಮತ್ತೆರಡು. ಪ್ರತಿ ಸಂದಿಗೆ ಒಂದರಂತೆ ಎಂಟು, ಆಮೇಲೆ ಹದಿನಾರು. ಬಿದಿರಿನ ನೇಯ್ಗೆ ಮಣ್ಣಿನ ಕೆಳಗೆ ಬೆರಳಿಗೆ ಸಿಗುತ್ತದೆ, ಅರ್ಧ ಎಲ್ಲಿ ಎಂಬುದನ್ನು ಅದೇ ಹೇಳಿತು. ಹದಿನಾರು ಏಣಿಗಳು ಒಂದಕ್ಕೊಂದು ಕೂಡಿ ಸುತ್ತು ಮುಚ್ಚಿಕೊಂಡಿತು. ಅಳೆದರೆ ಒಂದೊಂದೂ 6 ಸೆಂಟಿಮೀಟರಿನ ಆಸುಪಾಸು. ಅಷ್ಟರಲ್ಲಿ ಬಾಗಿಲಲ್ಲಿ ಗಣಿತದ ಮೇಷ್ಟ್ರು ನಿಂತಿದ್ದರು. ಪೀರಿಯಡ್ ಕೇಳಲು ಬಂದವರು, ಕೇಳದೆ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು.

ಅಜ್ಜಿ ಮೂರು ಶುಕ್ರವಾರ ಬಂದರು. ದಾರಿಖರ್ಚು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ನನ್ನ ಕೈಗೂ ಒಂದು ಬುಟ್ಟಿ ಕೊಟ್ಟು ಭತ್ತದ ಸಸಿ ಬರೆಸಿದರು. ನೋಡಿದ ಮಕ್ಕಳು ನಕ್ಕರು. ನಗುವಂತೆಯೇ ಇತ್ತು.

ಬುಟ್ಟಿ ಮೂವರಲ್ಲಿ ಯಾರ ಮನೆಗೆ ಎಂಬ ಜಗಳ ಚೀಟಿ ಎತ್ತಿ ಬಗೆಹರಿಯಿತು. ಗದ್ದೆಯಿಲ್ಲದವರ ಮನೆಗೆ ಬಿದ್ದಲ್ಲಿ ಅವರೇ ಗೆಳೆಯರಿಗೆ ಬಿಟ್ಟುಕೊಟ್ಟರು. ರಜೆ ಮುಗಿದು ಪ್ರದರ್ಶನಕ್ಕೆಂದು ವಾಪಸು ಕೇಳಿದಾಗ ಬಂದದ್ದು 9. ಕಂಠಕ್ಕೆ ಎಣ್ಣೆಯ ಕೈಗುರುತು, ನೇಯ್ಗೆಯ ಸಂದಿಯಲ್ಲಿ ಒಣಗಿದ ಅನ್ನದ ಅಗುಳು, ಒಂದೆರಡರ ಅಡಿಗೆ ಗದ್ದೆಯ ಕೆಸರು. ಒರೆಸದೆ ಹಾಗೆಯೇ ಮೇಜಿನ ಮೇಲೆ ಜೋಡಿಸಿದೆ. ಉಳಿದ ಐದರಲ್ಲಿ ಒಂದರ ಬಗ್ಗೆ ವಿಚಾರಿಸಿದಾಗ ಹುಡುಗ ತಲೆ ಕೆರೆದುಕೊಂಡು, "ಸರ್, ಅಮ್ಮ ಅದರಲ್ಲಿ ಸುಲಿದ ಅಡಿಕೆ ತುಂಬಿಟ್ಟಿದ್ದಾರೆ, ಖಾಲಿಯಾದ ಮೇಲೆ ತರಲಾ?" ಎಂದ. ಬೇಡವೆಂದು ಹೇಳಿ, ಅಂಕಪಟ್ಟಿಯಲ್ಲಿ ಅವನ ಗುಂಪಿನ ಮೂವರ ಎದುರಿಗೂ 'ಸಲ್ಲಿಸಲಾಗಿದೆ' ಎಂದು ಬರೆದುಕೊಂಡೆ.