ಸೆಲ್‌ನ ಗಾತ್ರ ನೋಡಿ ಚಾರ್ಜರ್ ಆರಿಸಲಾಗದು: ನನ್ನ ಅನುಭವ

ಟಾರ್ಚು, ಆಟಿಕೆ, ಕ್ಯಾಮೆರಾದ ಫ್ಲ್ಯಾಶ್‌ಗಳಿಗೆಲ್ಲ ಮರುಚಾರ್ಜ್ ಮಾಡಬಹುದಾದ ಸೆಲ್‌ಗಳನ್ನೇ ಬಳಸಲು ನಿರ್ಧರಿಸಿದಾಗ, ಚಾರ್ಜರ್ ಹುಡುಕುವ ಮೊದಲು ಇದ್ದ ಸೆಲ್‌ಗಳ ಹೊದಿಕೆಯ ಮೇಲಿನ ಬರಹವನ್ನು ಓದಿ, ಒಳಗಿರುವ ರಾಸಾಯನಿಕಗಳಿಗೆ ಅನುಗುಣವಾಗಿ ಅವುಗಳನ್ನು ಬೇರ್ಪಡಿಸಿದೆ. ಡಬಲ್‌ ಎ ಗಾತ್ರದ 1.2 ವೋಲ್ಟಿನ ನಿಕಲ್‌ ಮೆಟಲ್‌ ಹೈಡ್ರೈಡ್ ಸೆಲ್‌ಗೂ ಹೆಚ್ಚುಕಡಿಮೆ ಅದೇ ಅಳತೆಯ, 14500 ಎಂದು ಕರೆಯಲಾಗುವ 3.7 ವೋಲ್ಟಿನ ಲಿಥಿಯಂ ಅಯಾನ್ ಸೆಲ್‌ಗೂ ಹೊರನೋಟದಲ್ಲಿ ಅಂತರ ತೀರಾ ಕಡಿಮೆ. ಮರುಚಾರ್ಜಿಗೆ ತಕ್ಕದ್ದೆಂದು ಬರೆದಿರದ ಆಲ್ಕಲೈನ್ ಸೆಲ್‌ಗಳನ್ನು, ಚಾರ್ಜ್ ಮಾಡಿದರೆ ಸೋರಬಹುದು ಅಥವಾ ಒಡೆಯಬಹುದು ಎಂಬ ಕಾರಣಕ್ಕೆ, ಪ್ರತ್ಯೇಕವಾಗಿಯೇ ಇಟ್ಟೆ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ನಿಕಲ್‌ ಮೆಟಲ್‌ ಹೈಡ್ರೈಡ್ ಸೆಲ್‌ಗಳ ವಿಷಯದಲ್ಲಿ. ಚಾರ್ಜ್ ಪೂರ್ಣಗೊಂಡಾಗ ಇವುಗಳ ವೋಲ್ಟೇಜ್ ಗರಿಷ್ಠ ಮಟ್ಟವನ್ನು ಮುಟ್ಟಿ ಕೆಲವೇ ಮಿಲಿವೋಲ್ಟ್‌ಗಳಷ್ಟು ಇಳಿಯುತ್ತದೆ. ಜೊತೆಗೆ ಸೆಲ್ ಬಿಸಿಯಾಗತೊಡಗುತ್ತದೆ. ಈ ಸೂಚನೆಗಳನ್ನು ಗುರುತಿಸಿ ತಾನಾಗಿ ನಿಲ್ಲುವ, ಪ್ರತಿ ಸೆಲ್ಲನ್ನೂ ಪ್ರತ್ಯೇಕವಾಗಿ ಗಮನಿಸುವ ಚಾರ್ಜರನ್ನೇ ಆರಿಸಿಕೊಂಡೆ. ಏಕೆಂದರೆ ಎರಡೆರಡು ಸೆಲ್‌ಗಳನ್ನು ಜೋಡಿಯಾಗಿ ಚಾರ್ಜ್ ಮಾಡುವ ಸಾಧನದಲ್ಲಿ ಒಂದು ಅರ್ಧ ತುಂಬಿದ್ದು ಇನ್ನೊಂದು ಬರಿದಾಗಿದ್ದರೆ, ಮೊದಲನೆಯದು ಮಿತಿಮೀರಿ ಬಿಸಿಯಾಗುತ್ತದೆ ಇಲ್ಲವೇ ಎರಡನೆಯದು ಅರೆಬರೆಯಾಗಿಯೇ ಉಳಿಯುತ್ತದೆ. ವಿದ್ಯುತ್ ಪ್ರವಾಹವನ್ನು ತೀರಾ ಕಡಿಮೆ ಇಟ್ಟರೆ ಸುರಕ್ಷಿತವೆಂದು ಅನೇಕರು ಭಾವಿಸುತ್ತಾರೆ, ಆದರೆ ಆಗ ವೋಲ್ಟೇಜಿನ ಆ ಸಣ್ಣ ಇಳಿತ ಸ್ಪಷ್ಟವಾಗದೆ ಚಾರ್ಜರ್ ನಿಲ್ಲದೇ ಹೋಗಬಹುದು. ಆದ್ದರಿಂದ 2000 ಮಿಲಿಆಂಪ್‌ ಅವರ್ ಸಾಮರ್ಥ್ಯದ ಸೆಲ್‌ಗೆ ನಾನು ಸುಮಾರು 1000 ಮಿಲಿಆಂಪ್ ಕೊಡುತ್ತೇನೆ. ನಿಧಾನ ಚಾರ್ಜರ್ ಬಳಸುವುದಾದರೆ ಬರಿದಾದ ಅದೇ ಸೆಲ್‌ಗೆ 200 ಮಿಲಿಆಂಪ್‌ನಂತೆ ಸುಮಾರು 16 ಗಂಟೆ ಬೇಕು, ಮತ್ತು ಗಡಿಯಾರ ನೋಡಿ ತೆಗೆಯುವುದು ನಮ್ಮ ಹೊಣೆ.

ಲಿಥಿಯಂ ಅಯಾನ್ ಸೆಲ್‌ಗಳ ಕ್ರಮವೇ ಬೇರೆ: ಮೊದಲು ಸ್ಥಿರ ಪ್ರವಾಹ, ವೋಲ್ಟೇಜ್ 4.2 ತಲುಪಿದ ಮೇಲೆ ಅದನ್ನು ಅಲ್ಲಿಯೇ ಹಿಡಿದು ಪ್ರವಾಹವನ್ನು ಇಳಿಸುತ್ತ ಹೋಗಿ, ಕೊನೆಗೆ ಪೂರ್ತಿಯಾಗಿ ನಿಲ್ಲಿಸಬೇಕು. 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗೆ ಈ ಮಿತಿ 3.65 ಮಾತ್ರ; ಹಾಗಾಗಿ ಎರಡಕ್ಕೂ ಆಗುತ್ತದೆಂದು ಹೇಳುವ ಚಾರ್ಜರಿನಲ್ಲಿಯೂ ಯಾವುದನ್ನು ಆರಿಸಿದ್ದೇನೆಂದು ಪ್ರತಿ ಬಾರಿಯೂ ನೋಡಿಯೇ ಸೆಲ್ ಹಾಕುತ್ತೇನೆ. ಯುಎಸ್‌ಬಿ ಕಿಂಡಿಯಿರುವ 1.5 ವೋಲ್ಟಿನ ಲಿಥಿಯಂ ಸೆಲ್‌ಗಳ ಒಳಗೇ ಚಾರ್ಜಿಂಗ್ ಸರ್ಕ್ಯೂಟ್ ಇರುವುದರಿಂದ ಅವುಗಳಿಗೆ 5 ವೋಲ್ಟಿನ ಕೇಬಲ್ಲೇ ಸಾಕು, ನಿಕಲ್ ಸೆಲ್‌ಗಳ ಚಾರ್ಜರಿನಲ್ಲಿ ಅವನ್ನು ಇಡುವಂತಿಲ್ಲ.

ತುರ್ತು ದೀಪದ 12 ವೋಲ್ಟಿನ ಮೊಹರು ಮಾಡಿದ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಸದಾ ಜೋಡಿಸಿಯೇ ಇಡಬೇಕಾದ್ದರಿಂದ, ತುಂಬಿದ ಬಳಿಕ ಸುಮಾರು 13.6 ವೋಲ್ಟಿಗೆ ಇಳಿದು ನಿಲ್ಲುವ ಚಾರ್ಜರನ್ನು ಅದಕ್ಕೆಂದೇ ಮೀಸಲಿಟ್ಟಿದ್ದೇನೆ.