ಕೆಂಪು ಈರುಳ್ಳಿಯಲ್ಲಿ ರಸದಾನಿ ಕಂಡದ್ದು

ಒಂಬತ್ತನೆಯ ತರಗತಿಗೆ ಹದಿನಾಲ್ಕು ವರ್ಷಗಳಿಂದ ಜೀವಕೋಶದ ಪಾಠ ಮಾಡುತ್ತಿದ್ದೇನೆ. ಮೈಟೋಕಾಂಡ್ರಿಯ ಎಂದರೆ ಶಕ್ತಿಕೇಂದ್ರ, ಲೈಸೋಸೋಮ್ ಎಂದರೆ ಆತ್ಮಹತ್ಯಾ ಸಂಚಿ ಎಂದು ಮಕ್ಕಳು ಕೇಳುವ ಮೊದಲೇ ಒಪ್ಪಿಸುತ್ತಾರೆ. ಕೋಶದೊಳಗೆ ರಸ ತುಂಬಿಕೊಂಡಿರುವ ಚೀಲವಾದ ರಸದಾನಿಗೆ (ವ್ಯಾಕ್ಯೂಲ್) ಮಾತ್ರ ಅಂಥ ಬಿರುದಿಲ್ಲ. ‘ಸಂಗ್ರಹಣೆ’ ಎಂದೊಂದು ಪದ ಬರೆದು ಮುಂದಕ್ಕೆ ಹೋಗುತ್ತಾರೆ. ಬಲಿತ ಸಸ್ಯಕೋಶದ ಒಳಗೆ ಶೇ 90ರವರೆಗೂ ಜಾಗ ಹಿಡಿದಿರುವ ಕಣದಂಗಕ್ಕೆ ಇಷ್ಟೇ ಮರ್ಯಾದೆಯೇ ಎಂದು ನನಗೆ ಬೇಸರವಾಗುತ್ತಿತ್ತು. ಅದನ್ನು ಕಣ್ಣಿಗೇ ತೋರಿಸಬೇಕೆಂದು ಹಟ ಹಿಡಿದೆ.

ಈರುಳ್ಳಿ ಎಸಳಿನ ಒಳಮೈಯ ಪೊರೆ ಎಳೆದು, ಅಯೋಡಿನ್ ಹಾಕಿ ನೋಡುವುದು ಎಲ್ಲ ಶಾಲೆಗಳ ರೂಢಿ. ಕೋಶಭಿತ್ತಿ, ಕೋಶಕೇಂದ್ರ ಚೆನ್ನಾಗಿ ಕಾಣುತ್ತವೆ. ತಿಳಿನೀರಿನಂತಿರುವ ರಸದಾನಿ ಕಾಣುವುದಿಲ್ಲ. ಆದರೆ ಕೆಂಪು ಈರುಳ್ಳಿಯ ನೇರಳೆ ಬಣ್ಣವಾದ ಆಂಥೋಸಯನಿನ್ ಇರುವುದೇ ರಸದಾನಿಯ ರಸದಲ್ಲಿ. ಹಾಗಾಗಿ ನಾನು ಎಸಳಿನ ಹೊರಮೈಯಿಂದ ಪೊರೆ ತೆಗೆದೆ. ಇದು ಒಳಪೊರೆಯಷ್ಟು ಸಲೀಸಾಗಿ ಬಿಡುವುದಿಲ್ಲ. ಬ್ಲೇಡಿನಿಂದ ಉಗುರಗಲದ ಚೌಕ ಗೀರಿ, ಒಂದು ಮೂಲೆಯನ್ನು ಚಿಮುಟದಲ್ಲಿ ಹಿಡಿದು ನಿಧಾನವಾಗಿ ಎಳೆಯಬೇಕು. ಮೊದಲ ಮೂರು ಸಲ ತಿರುಳೂ ಅಂಟಿಕೊಂಡು ಬಂತು; ಗಾಜಿನ ಮೇಲೆ ಬರೀ ಕಪ್ಪು ಮುದ್ದೆ. ನಾಲ್ಕನೆಯದು ತೆಳುವಾಗಿ ಬಂತು. ನೀರಿನ ಹನಿಯಲ್ಲಿ ಹಾಸಿ, ಗುಳ್ಳೆ ಸೇರದಂತೆ ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಿದೆ.

ನೂರು ಪಟ್ಟು ಹಿಗ್ಗಿಸಿದಾಗ ಇಟ್ಟಿಗೆ ಜೋಡಿಸಿದಂಥ ಕೋಶಗಳು, ಗೋಡೆಯಿಂದ ಗೋಡೆಗೆ ತುಂಬಿದ ನೇರಳೆ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಬೆರೆಸಿದ ದ್ರಾವಣದ ಎರಡು ಹನಿಯನ್ನು ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಿಟ್ಟು, ಎದುರು ಅಂಚಿನಲ್ಲಿ ಒತ್ತುಕಾಗದ ಹಿಡಿದು ನೀರನ್ನು ಎಳೆಸಿದೆ. ಕೆಲವೇ ನಿಮಿಷಗಳಲ್ಲಿ ಬಣ್ಣ ಮೂಲೆಗಳನ್ನು ಬಿಟ್ಟು ಒಳಕ್ಕೆ ಸರಿಯತೊಡಗಿತು. ಗೋಡೆ ಇದ್ದಲ್ಲೇ ಇತ್ತು. ನಡುವೆ ಕಡುನೇರಳೆಯ ಉಂಡೆಯೊಂದು ಉಳಿಯಿತು. ನೀರು ಹೊರಟುಹೋದದ್ದರಿಂದ ರಸ ಗಟ್ಟಿಯಾಗಿ ಬಣ್ಣ ಗಾಢವಾಗಿತ್ತು.

ಮಕ್ಕಳು ಸರದಿಯಲ್ಲಿ ನೋಡಿದರು. “ಮಿಸ್, ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಡುವುದೂ ಹೀಗೆಯೇ?” ಎಂದು ಒಬ್ಬಳು ಕೇಳಿದಳು. ಹೌದು, ಹೀಗೆಯೇ. ಸಂತೆಯಲ್ಲಿ ಬಾಡಿದ ಕೊತ್ತಂಬರಿ ಸೊಪ್ಪು ನೀರು ಚಿಮುಕಿಸಿದರೆ ಸೆಟೆದು ನಿಲ್ಲುವುದೂ ರಸದಾನಿ ಮತ್ತೆ ತುಂಬಿಕೊಂಡು ಗೋಡೆಯನ್ನು ಒಳಗಿನಿಂದ ಒತ್ತುವುದರಿಂದಲೇ. ಅದನ್ನೂ ತೋರಿಸಲು ಉಪ್ಪುನೀರು ತೆಗೆದು ಬರೀ ನೀರು ಬಿಟ್ಟೆ. ಹಲವು ಕೋಶಗಳಲ್ಲಿ ನೇರಳೆ ಮತ್ತೆ ಹರಡಿತು. ಉಪ್ಪಿನಲ್ಲಿ ಬಹಳ ಹೊತ್ತು ಇಟ್ಟರೆ ಕೋಶ ಸಾಯುತ್ತದೆ, ಮರಳಿ ತುಂಬುವುದಿಲ್ಲ. ಆದ್ದರಿಂದ ಪ್ರತಿ ಗುಂಪಿಗೂ ಹೊಸ ಪೊರೆ ಬೇಕು.

ಕೋಶದಲ್ಲಿ ಪ್ರೋಟೀನ್ ತಯಾರಿಸುವ ಪುಟ್ಟ ಕಣವಾದ ರೈಬೋಸೋಮ್ ಬಗ್ಗೆ ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ: ನಮ್ಮ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದಿಲ್ಲ. ಬೆಳಕಿನ ಸೂಕ್ಷ್ಮದರ್ಶಕ ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ತೋರಿಸಲಾರದು. ರೈಬೋಸೋಮ್ ಅದರ ಹತ್ತನೆಯ ಒಂದು ಭಾಗದಷ್ಟು ಚಿಕ್ಕದು.

ಮರುವಾರ ಕೆರೆಯಿಂದ ಹೈಡ್ರಿಲಾ ತಂದು, ಸ್ವಲ್ಪ ಹೊತ್ತು ಬೆಳಕಿನಲ್ಲಿಟ್ಟು, ಒಂದು ಎಲೆಯನ್ನು 450 ಪಟ್ಟು ಹಿಗ್ಗಿಸಿ ತೋರಿಸಿದೆ. ನಡುನರದ ಬಳಿಯ ಕೋಶಗಳಲ್ಲಿ ಹಸಿರು ಕ್ಲೋರೋಪ್ಲಾಸ್ಟ್‌ಗಳು ಸಾಲಾಗಿ ಅಂಚಿನ ಗುಂಟ ಸುತ್ತುತ್ತಿದ್ದವು. ಅದೇ ಹುಡುಗಿ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ, “ನಡುವೆ ರಸದಾನಿ ಇದೆ ಮಿಸ್, ಇದಕ್ಕೆ ಬಣ್ಣವಿಲ್ಲ ಅಷ್ಟೇ. ಅದಕ್ಕೇ ಇವು ಬದಿಯಲ್ಲೇ ಸುತ್ತುತ್ತಿವೆ” ಎಂದಳು.