ಗಂಜಿ ಇಲ್ಲದೆ ಮಳೆಗಾಲ ದಾಟಿದ ಕ್ರೋಶಾ ಲೇಸ್: ನನ್ನ ಅನುಭವ

ಹೋದ ಜೂನ್‌ನಲ್ಲಿ ಮಡಿಕೇರಿಯ ಒಂದು ಹೋಂಸ್ಟೇ ಕಿಟಕಿಗೆ ನಾನು ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯಿಂದ ದಾರ ಹೆಣೆದು, ಹಾಕಿಕೊಟ್ಟ ಲೇಸ್, ಸೆಪ್ಟೆಂಬರ್ ಮುಗಿದರೂ ಜೋತು ಬಿದ್ದಿಲ್ಲ. ಐದಡಿ ಅಗಲ, ಒಂದಡಿ ಉದ್ದ. ಗಟ್ಟಿ ನಿಲ್ಲಲಿ ಅಂತ ಒಂದು ತೊಟ್ಟು ಗಂಜಿ ಹಾಕಿಲ್ಲ. ಹೂವಿನ ದಳಗಳು ಇವತ್ತಿಗೂ ಹಾಗೇ ಬಿರಿದು ನಿಂತಿವೆ.

ಗಂಜಿ ಇಲ್ಲದ ಲೇಸ್ ಕೊಡಗಿನ ಮಳೆಯಲ್ಲಿ ಒಂದು ವಾರವೂ ನಿಲ್ಲೋದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ನನ್ನ ಕೈಗೆ ಮೊದಲು ಕ್ರೋಶಾ ಕಡ್ಡಿ ಕೊಟ್ಟ ಚಿಕ್ಕಮ್ಮನೇ ಹೇಳಿದ್ದರು. ಕುಶಾಲನಗರದಲ್ಲಿ ನನಗೆ ಸೀರೆ ಕುಚ್ಚಿನ ಕೆಲಸ ಕೊಡುವ ಅಕ್ಕ, "ಸುಮ್ನೆ ದಾರ ಹಾಳು ಮಾಡ್ತೀಯ, ಇಷ್ಟೊತ್ತಿಗೆ ನಾಲ್ಕು ಸೀರೆ ಮುಗೀತಿತ್ತು" ಅಂದಿದ್ದರು. ಅವರ ಲೆಕ್ಕ ತಪ್ಪಲ್ಲ. ಆದರೆ ನನಗೆ ಕುಚ್ಚು ಹಾಕಿ ಹಾಕಿ ಸಾಕಾಗಿತ್ತು. ನಮ್ಮ ತೋಟದ ಕಾಫಿ ಹೂವನ್ನು ದಾರದಲ್ಲಿ ಬಿಡಿಸಬೇಕು, ಅದು ಕಿಟಕಿಯಲ್ಲಿ ನಿಲ್ಲಬೇಕು, ಅಷ್ಟೇ ತಲೆಯಲ್ಲಿತ್ತು.

ಮೊದಲ ಮೂರು ಮಳೆಗಾಲ ಬರೀ ನಷ್ಟ. ಮೊದಲನೇ ವರ್ಷ ಎಲ್ಲರ ಹಾಗೆ ಅನ್ನದ ಗಂಜಿ ಹಾಕಿದೆ. ಜುಲೈ ಎರಡನೇ ವಾರಕ್ಕೆ ಬೂಸ್ಟು ಬಂತು, ಅದೂ ಕಪ್ಪು ಚುಕ್ಕಿ ಬೂಸ್ಟು. ಬಿಸಿಲಿಗೆ ಇಡೋಣ ಅಂದರೆ ಬಿಸಿಲೆಲ್ಲಿ? ಅಡುಗೆಮನೆ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದೆ, ಬಿಳಿ ದಾರ ಹೊಗೆ ಹಿಡಿದು ಹಳದಿ ಆಯಿತು. ಅಲಮಾರಿಯೊಳಗೆ ಬಲ್ಬ್ ಹಾಕಿಟ್ಟೆ, ಕರೆಂಟೇ ಮೂರು ದಿನ ಇರಲಿಲ್ಲ. ಎರಡನೇ ವರ್ಷ ಸಕ್ಕರೆ ನೀರು. ಗಟ್ಟಿ ಚೆನ್ನಾಗಿಯೇ ಬರುತ್ತೆ, ಆದರೆ ಒಂದೇ ರಾತ್ರಿಯಲ್ಲಿ ಇರುವೆ ಸಾಲು ಕಿಟಕಿ ಹತ್ತಿತ್ತು. ಗಾಳಿಯ ತೇವಕ್ಕೆ ಸಕ್ಕರೆ ಮತ್ತೆ ಕರಗಿ ಅಂಟಾಗುತ್ತೆ ಅನ್ನೋದು ಆಮೇಲೆ ಗೊತ್ತಾಯಿತು. ಮೂರನೇ ವರ್ಷ ನೀರು ಬೆರೆಸಿದ ಬಿಳಿ ಅಂಟು. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹಾಗೆ ಗಟ್ಟಿ, ಮಳೆಗಾಲದಲ್ಲಿ ಮುಟ್ಟಿದರೆ ಜಿಗಿಜಿಗಿ. ಈ ಮೂರು ವರ್ಷದಲ್ಲಿ ದಾರಕ್ಕೇ ಆರೇಳು ಸಾವಿರ ಹೋಗಿದೆ. ಕೂತ ಹೊತ್ತಿನ ಲೆಕ್ಕ ಇದರಲ್ಲಿಲ್ಲ.

ಆಮೇಲೆ ಐರಿಷ್ ಕ್ರೋಶಾ ಕಡೆ ತಿರುಗಿದೆ. ಹೂವು, ಎಲೆ ಎಲ್ಲ ಬಿಡಿಬಿಡಿಯಾಗಿ ಹಾಕಿ, ಕೊನೆಗೆ ನಡುವೆ ಜಾಲ ಹೆಣೆದು ಸೇರಿಸೋದು ಅಂತ ನಿಮಗೆ ಗೊತ್ತಿರುತ್ತೆ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಹೋಗಿ ಬರಗಾಲ ಬಂದಾಗ ಮನೆ ಮನೆಯ ಹೆಂಗಸರು ಇದನ್ನೇ ಮಾಡಿ ಹೊಟ್ಟೆ ಹೊರೆದಿದ್ದರು. ಕ್ಲೋನ್ಸ್ ಅನ್ನುವ ಊರಿಗೆ 1847ರಲ್ಲಿ ಇದನ್ನು ತಂದವರು ಅಲ್ಲಿನ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್. ಒಬ್ಬಳು ಗುಲಾಬಿ ಮಾತ್ರ, ಇನ್ನೊಬ್ಬಳು ಎಲೆ ಮಾತ್ರ, ಮತ್ತೊಬ್ಬಳು ಜೋಡಿಸೋದು ಮಾತ್ರ, ಹೀಗೆ ಕೆಲಸ ಹಂಚಿಕೊಳ್ಳುತ್ತಿದ್ದರು. ನನ್ನ ತಲೆಗೆ ಹೊಳೆದದ್ದು ಬೇರೆ. ಆ ದೇಶವೂ ನಮ್ಮ ಹಾಗೆ ಮಳೆಯ ದೇಶ ಅಲ್ವಾ! ಅಲ್ಲಿನ ಲೇಸ್ ಕೈಯಲ್ಲಿ ಹಿಡಿದರೆ ಭಾರ ಇರುತ್ತೆ, ಅಂಚು ಉಬ್ಬಿರುತ್ತೆ. ಯಾಕೆಂದರೆ ಸಿಂಗಲ್ ಅನ್ನುವ ಗಿಡ್ಡ ಹೊಲಿಗೆಗಳ ಒಳಗೆ ಒಂದು ದಪ್ಪ ಹುರಿ ಓಡುತ್ತಿರುತ್ತೆ. ಲೇಸಿಗೆ ಎಲುಬು ಇದ್ದ ಹಾಗೆ. ಎಲುಬು ಒಳಗೇ ಇದ್ದರೆ ಮೇಲಿನಿಂದ ಗಂಜಿ ಯಾಕೆ ಬೇಕು?

ಇಲ್ಲೊಂದು ಎಚ್ಚರಿಕೆ. ಹಳೆಯ ಐರಿಷ್ ನಮೂನೆಗಳಲ್ಲಿ ಡಬಲ್ ಅಂತ ಬರೆದಿದ್ದರೆ ಅದು ಅಮೆರಿಕದ ಚಾರ್ಟಿನ ಸಿಂಗಲ್. ಬ್ರಿಟಿಷ್ ಲೆಕ್ಕ ಅದು. ನಾನು ನೋಡದೆ ಹನ್ನೊಂದು ಹೂವು ಉದ್ದ ಹೊಲಿಗೆಯಲ್ಲಿ ಹಾಕಿದ್ದೆ. ಹುರಿ ಎಲ್ಲ ಸಂದಿಯಲ್ಲಿ ಕಾಣುತ್ತಿತ್ತು. ಹನ್ನೊಂದನ್ನೂ ಬಿಚ್ಚಿದೆ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಹೂವಿಗೆ 20ನೇ ನಂಬರ್ ಮರ್ಸರೈಸ್ಡ್ (ಹೊಳಪು ಕೊಟ್ಟ ಹತ್ತಿ) ದಾರ, ನಂಬರ್ ಹೆಚ್ಚಾದಷ್ಟೂ ದಾರ ತೆಳು; 1 ಮಿ.ಮೀ. ಸ್ಟೀಲ್ ಕಡ್ಡಿ. ಸಾಮಾನ್ಯವಾಗಿ ಇದಕ್ಕೆ 1.25 ಹಿಡಿಯುತ್ತಾರೆ, ನನಗೆ ಬಿಗಿ ಬೇಕು. ಹುರಿಗೆ 10ನೇ ನಂಬರ್ ದಾರ ನಾಲ್ಕು ಎಳೆ. ಪೆನ್ಸಿಲ್‌ಗೆ ಹತ್ತು ಸುತ್ತು ಸುತ್ತಿ ಉಂಗುರ ಮಾಡಿ, ಅದರೊಳಗೆ 20 ಸಿಂಗಲ್. ಆಮೇಲೆ ನಾಲ್ಕು ನಾಲ್ಕು ಹೊಲಿಗೆಗೆ ಒಂದು ದಳ, ಒಟ್ಟು ಐದು. ದಳ ಅಂದರೆ ಬರೀ ಹುರಿಯ ಮೇಲೆ 12 ಸಿಂಗಲ್, ತಿರುಗಿಸಿ, ಅದೇ ಹುರಿಯನ್ನು ಜೊತೆಗಿಟ್ಟುಕೊಂಡು ಹಿಂದಿನ ಕುಣಿಕೆಯಲ್ಲಿ ಮಾತ್ರ (ಹೊಲಿಗೆಯ ತಲೆಯ ಎರಡು ಎಳೆಗಳಲ್ಲಿ ಹಿಂದಿನದು) ಮತ್ತೆ 12, ಉಂಗುರಕ್ಕೆ ಸೇರಿಸಲು ಒಂದು ಸ್ಲಿಪ್ ಹೊಲಿಗೆ. ದಳ ಮುಗಿದ ಮೇಲೆಯೇ ಹುರಿ ಎಳೆಯಿರಿ. ನಡುವೆ ಎಳೆದರೆ ಬಟ್ಟಲು ಹಾಗೆ ಮಡಚಿಕೊಳ್ಳುತ್ತೆ.

ಐದು ದಳ ಯಾಕೆ ಅಂದರೆ ನಮ್ಮ ಅರೇಬಿಕಾ ಕಾಫಿ ಹೂವಿಗೆ ಇರುವುದೇ ಐದು. ಹೂಮಳೆ (ಕಾಫಿ ಹೂವು ಅರಳಿಸುವ ಬೇಸಿಗೆಯ ಮಳೆ) ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ಲ, ಆವಾಗ ಒಂದು ರೆಂಬೆ ತಂದು ಮೇಜಿನ ಮೇಲಿಟ್ಟು ನೋಡಿಕೊಂಡೇ ಮೊದಲ ಹೂವು ಹಾಕಿದ್ದು. ದಳ ನಾವು ಅಂದುಕೊಂಡದ್ದಕ್ಕಿಂತ ತೆಳ್ಳಗೆ, ಉದ್ದ. ಗಮಗಮ ಅನ್ನುವ ಆ ಮೂರು ದಿನದೊಳಗೆ ಅಳತೆ ಸರಿಮಾಡಿಕೊಳ್ಳದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. ಇನ್ನೊಂದು ಬಗೆಯ ಕಾಫಿ ರೋಬಸ್ಟಾದಲ್ಲಿ ಆರು ದಳವೂ ಸಿಗುತ್ತೆ. ಅದನ್ನೂ ಹಾಕಿದ್ದೇನೆ, ಅದಕ್ಕೆ ಉಂಗುರದಲ್ಲಿ 24 ಬೇಕು.

ಎಲೆಯೂ ಹೀಗೇ, ಹಿಂದಿನ ಕುಣಿಕೆಯಲ್ಲೇ ಹೋಗಿ ಬಂದು ಮಾಡಿದರೆ ಗೆರೆ ಗೆರೆ ಏಳುತ್ತೆ. ಕಾಫಿ ಎಲೆಯ ನರದ ಹಾಗೇ ಕಾಣುತ್ತೆ. ಇದನ್ನು ನೋಡಿದ ಪ್ಲಾಂಟರ್ ಒಬ್ಬರು ದೂರದಿಂದಲೇ "ಇದು ಕಾಫಿ ಎಲೆ" ಅಂದರು. ನನಗೆ ಅಷ್ಟು ಸಾಕಾಯಿತು.

ಹುರಿಯಲ್ಲಿ ನಾನು ತಿಂದ ದೊಡ್ಡ ಪೆಟ್ಟು ಕುಗ್ಗುವುದು. ನಾಲ್ಕನೇ ವರ್ಷ 19 ಹೂವು ಮುಗಿಸಿ, ಬಿಸಿನೀರಲ್ಲಿ ಒಮ್ಮೆ ಒಗೆದೆ. ಒಳಗಿನ ಹುರಿ ಕುಗ್ಗಿತು, ಮೇಲಿನ ದಾರ ಕುಗ್ಗಲಿಲ್ಲ. ಅಷ್ಟೂ ಹೂವು ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡವು. ಆ ದಿನ ಕಡ್ಡಿ ಎತ್ತಿಟ್ಟವಳು ಎರಡು ತಿಂಗಳು ಮುಟ್ಟಲಿಲ್ಲ. ಈಗ ಹುರಿಯ ದಾರವನ್ನು ಮೊದಲೇ ಕುದಿಯುವ ನೀರಲ್ಲಿ ಅರ್ಧ ಗಂಟೆ ನೆನೆಸಿ, ಪೂರ್ತಿ ಒಣಗಿಸಿ, ಒಂದು ವರ್ಷಕ್ಕಾಗುವಷ್ಟು ಫೆಬ್ರವರಿ ಮಾರ್ಚ್ ಬಿಸಿಲಲ್ಲೇ ಮಾಡಿಟ್ಟುಕೊಳ್ಳುತ್ತೇನೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಆಗಸ್ಟ್‌ವರೆಗೂ ಗರಿಗರಿ ಇರುತ್ತೆ.

ಜಾಲದ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ಅರ್ಧ ಗೆಲುವು ಇಲ್ಲಿದೆ. ದೊಡ್ಡ ಕಾಗದದಲ್ಲಿ ನಿಜವಾದ ಅಳತೆಗೆ ಚಿತ್ರ ಬರೆದು, ಅದರ ಮೇಲೆ ಬಟ್ಟೆ ಹಾಸಿ, ಹೂವು ಎಲೆಗಳನ್ನು ಬೋರಲು ಹಾಕಿ ಕಚ್ಚಾ ಹೊಲಿಗೆ ಹಾಕಬೇಕು. ಬಟ್ಟೆ ಕಡು ಬಣ್ಣದ್ದಿದ್ದರೆ ಬಿಳಿ ದಾರ ಚೆನ್ನಾಗಿ ಕಾಣುತ್ತೆ ಅಂತ ಹೊಸ ಮರೂನ್ ಬಟ್ಟೆ ತಂದೆ. ಗಾಳಿಯ ತೇವಕ್ಕೇ ಬಣ್ಣ ಬಿಟ್ಟು ಆರು ಹೂವು ಗುಲಾಬಿ ಆದವು. ಈಗ ಹತ್ತಾರು ಸಲ ಒಗೆದ ಹಳೇ ನೀಲಿ ಬೆಡ್‌ಶೀಟ್.

ಜಾಲಕ್ಕೆ ತೆಳು ದಾರ, 40ನೇ ನಂಬರ್. ಹೂವಿನದ್ದೇ ದಾರದಲ್ಲಿ ಜಾಲ ಹಾಕಿದರೆ ಜಾಲವೇ ಹೂವನ್ನು ಎಳೆದು ಕೆಡಿಸುತ್ತೆ. ಮೊದಲ ಸಲ ನಾನು ಚೌಕ ಚೌಕ ಜಾಲ ಹಾಕಿದ್ದೆ, ನೋಡಲು ನೀಟಾಗಿತ್ತು. ಮೊದಲ ಜೋರು ಮಳೆಗೇ ಚೌಕವೆಲ್ಲ ಉದ್ದ ಎಳೆದು ಮಧ್ಯ ಭಾಗ ಎರಡು ಇಂಚು ಜೋತಿತು. ಚೌಕಕ್ಕೆ ಜೋಲಲು ದಾರಿ ಇದೆ, ತ್ರಿಕೋನಕ್ಕೆ ಇಲ್ಲ. ಮನೆ ಮಾಡಿಗೆ ಮರ ಜೋಡಿಸುವಾಗ ಮೂಲೆಗೆ ಅಡ್ಡಪಟ್ಟಿ ಕೊಡುತ್ತಾರಲ್ಲ, ಹಾಗೆ. ಈಗ ಎಲ್ಲಿ ನೋಡಿದರೂ ಮೂರು ಮೂಲೆಯ ಕಂಡಿಗಳೇ ಬರಬೇಕು. ಮೇಲಿನ ಅಂಚಿನ ಹತ್ತಿರ 4 ಚೈನ್ (ಸರಪಳಿ ಹೊಲಿಗೆ) ಕುಣಿಕೆ, ಕೆಳಗೆ ಬರುತ್ತಾ 5, 6, ಕೊನೆಗೆ 7. ಭಾರವೆಲ್ಲ ಮೇಲೆ ಹೊರುವುದರಿಂದ ಅಲ್ಲಿ ಒತ್ತಾಗಿರಬೇಕು. ಹೂವಿಗೆ ಸೇರಿಸುವಾಗ ಹಿಂದಿನ ಎಳೆಯನ್ನು ಮಾತ್ರ ಹಿಡಿಯಿರಿ, ಮುಂದಿನಿಂದ ಅಂಚು ಚೊಕ್ಕವಾಗಿ ಕಾಣುತ್ತೆ.

ನಡು ನಡುವೆ ಕ್ಲೋನ್ಸ್ ಗಂಟು ಹಾಕಿದ್ದೇನೆ, ಚೈನಿನ ಸುತ್ತ ಎಂಟು ಹತ್ತು ಸಲ ದಾರ ಸುತ್ತಿ ಒಂದೇ ಸಲಕ್ಕೆ ಎಳೆಯುವುದು. ಒತ್ತೊತ್ತಾಗಿ ಹದಿನೈದು ಹಾಕಿದರೆ ಥೇಟ್ ಕಾಳುಮೆಣಸಿನ ಗೊಂಚಲು! ಇದು ಆಕಸ್ಮಿಕವಾಗಿ ಸಿಕ್ಕಿದ್ದು. ಈಗ ಕಾಫಿ ಹೂವಿನ ಪಕ್ಕ ಒಂದೊಂದು ಮೆಣಸಿನ ಗೊಂಚಲು ಇಳಿಬಿಡುತ್ತೇನೆ, ತೋಟದಲ್ಲಿ ಇರುವ ಹಾಗೇ. ಇನ್ನೆಲ್ಲೂ ಇದನ್ನು ನಾನು ನೋಡಿಲ್ಲ.

ಎರಡು ವಿಷಯ ಮಾತ್ರ ಹೇಳುವುದಿಲ್ಲ. ಹುರಿಯ ತುದಿ ಹೊರಗೆ ಜಾರದಂತೆ ಎಲ್ಲಿ ಅಡಗಿಸುತ್ತೇನೆ ಅನ್ನುವುದು ಒಂದು. ಮೇಲಿನ ಪಟ್ಟಿಯೊಳಗೆ ಹುರಿಯ ಜೊತೆ ಇನ್ನೇನು ಇಡುತ್ತೇನೆ ಅನ್ನುವುದು ಇನ್ನೊಂದು. ಅದು ಐದು ವರ್ಷದ ದುಡಿಮೆ, ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಬೇರೆ ಕಡೆಯೂ ಕೈಹಾಕಿದ್ದೆ. ಉದ್ದ ಕಡ್ಡಿಯ ಟುನೀಷಿಯನ್ ಕ್ರೋಶಾದಲ್ಲಿ ಉಲ್ಲನ್ ಶಾಲು ಮಾಡಿದೆ. ಅಂಚು ಸುರುಳಿ ಸುತ್ತುವುದು ನಿಲ್ಲಲೇ ಇಲ್ಲ, ಎರಡು ಸೈಜ್ ದೊಡ್ಡ ಕಡ್ಡಿ ಹಿಡಿದ ಮೇಲೆ ಸ್ವಲ್ಪ ಸರಿಯಾಯಿತು. ಚಳಿಗೆ ಮಾತ್ರ ಅದರಷ್ಟು ಬೆಚ್ಚಗೆ ಬೇರೆ ಇಲ್ಲ, ಅತ್ತೆ ಡಿಸೆಂಬರ್ ಪೂರ್ತಿ ಅದನ್ನೇ ಹೊದೆಯುತ್ತಾರೆ. ಮೊಸಳೆ ಚರ್ಮದ ಹಾಗೆ ಪದರ ಪದರ ಕಾಣುವ ಕ್ರೊಕೊಡೈಲ್ ಸ್ಟಿಚ್‌ನಲ್ಲಿ ಮಗುವಿನ ಟೋಪಿ ಮಾಡಿದೆ. ಚಂದ ಇದೆ, ಆದರೆ ದಾರ ಎರಡು ಮೂರು ಪಟ್ಟು ತಿನ್ನುತ್ತೆ, ಒಗೆದರೆ ನಾಲ್ಕು ದಿನವಾದರೂ ಒಣಗಲಿಲ್ಲ. ಕಾಫಿ ಹಣ್ಣಿಗೆ ಕೆಂಪು ದಾರದಲ್ಲಿ ಬುಲಿಯನ್ (ಕಡ್ಡಿಗೆ ದಾರ ಸುತ್ತಿ ಒಮ್ಮೆಗೇ ಎಳೆಯುವ ಹೊಲಿಗೆ) ಪ್ರಯತ್ನಿಸಿದ್ದೆ, 12 ಸುತ್ತು. ತಲೆಯಿಂದ ಹಿಡಿಯವರೆಗೆ ದಪ್ಪವಾಗುತ್ತಾ ಹೋಗುವ ಕಡ್ಡಿಯಲ್ಲಿ ಇದು ಆಗುವುದೇ ಇಲ್ಲ, ಸುತ್ತುಗಳು ಸಿಕ್ಕಿಕೊಳ್ಳುತ್ತವೆ. ನೇರ ಕಡ್ಡಿಯಲ್ಲೂ ತೇವದ ದಿನ ದಾರ ಜಾರುವುದಿಲ್ಲ. ಕಂಬಳಿ ಹೊಲಿಯುವ ದಪ್ಪ ಸೂಜಿಗೆ ಸುತ್ತಿ ಎಳೆದಾಗ ಸರಾಗ ಬಂತು. ಆದರೆ ಕೆಂಪು ಬಣ್ಣ ಬಿಡುವ ಭಯಕ್ಕೆ ಬಿಳಿ ಲೇಸಿಗೆ ಅದನ್ನು ಸೇರಿಸಿಲ್ಲ.

ದುಡ್ಡಿನ ಮಾತು. ಆ ಕಿಟಕಿ ಲೇಸಿಗೆ 46 ಹೂವು, ಮೂವತ್ತು ಚಿಲ್ಲರೆ ಎಲೆ, ಗಂಟುಗಳು ಇನ್ನೂರಕ್ಕೆ ಕಡಿಮೆ ಇಲ್ಲ. ದಾರಕ್ಕೆ ಸುಮಾರು 1,900 ರೂಪಾಯಿ. ಹೂವಿಗೆ 25 ನಿಮಿಷ, ಎಲೆಗೆ 40, ಜಾಲಕ್ಕೇ ಅರವತ್ತು ಗಂಟೆ. ಒಟ್ಟು ನೂರು ಗಂಟೆ ಅಂತ ಇಟ್ಟುಕೊಳ್ಳಿ. ಸಿಕ್ಕಿದ್ದು 9,500. ದಾರದ ಖರ್ಚು ಕಳೆದು ಗಂಟೆಗೆ 76 ರೂಪಾಯಿ ಬಿತ್ತು. ಕುಚ್ಚಿನಲ್ಲಿ ಇದಕ್ಕಿಂತ ಜಾಸ್ತಿ ಸಿಗುತ್ತೆ, ಇದು ನಿಜ. ಆದರೆ ಎರಡನೇ ಆರ್ಡರ್‌ಗೆ 14,000 ಹೇಳಿದೆ, ಒಪ್ಪಿದರು. ಜಾಲ ಈಗ ನಲವತ್ತು ಗಂಟೆಯಲ್ಲಿ ಮುಗಿಯುತ್ತೆ. ಎಲೆ ಹಾಕಲು ಪಕ್ಕದ ಮನೆಯ ಹುಡುಗಿಗೆ ಕಲಿಸಿದ್ದೇನೆ, ಎಲೆಗೆ 30 ರೂಪಾಯಿ ಕೊಡುತ್ತೇನೆ. ಕ್ಲೋನ್ಸ್ ಹೆಂಗಸರ ದಾರಿಯೇ ಸರಿ ಅನ್ನಿಸಿತು.

ಬೆಲೆ ಕೇಳಿದವರು ಹೆಚ್ಚಾಗಿ ಹೇಳುವ ಮಾತು, "ಆಂಧ್ರದ ನರಸಾಪುರದ ಲೇಸ್ ಇದರ ಕಾಲುಭಾಗಕ್ಕೆ ಸಿಗುತ್ತಲ್ಲ?" ಅಂತ. ಸಿಗುತ್ತೆ. ಗೋದಾವರಿ ತೀರದ ಆ ಹೆಂಗಸರ ಕೈಗೆ ನಾನು ದೊಡ್ಡ ನಮಸ್ಕಾರ ಹಾಕುತ್ತೇನೆ, ನೂರು ವರ್ಷಕ್ಕಿಂತ ಹೆಚ್ಚಿನ ಪಳಗಿದ ಕೆಲಸ, ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಅಲ್ಲಿ ಹಾಕಿದವರ ಕೈಗೆ ಸೇರುವುದು ತೀರಾ ಕಡಿಮೆ, ನಡುವಿನವರದ್ದೇ ಜಾಸ್ತಿ. ಆ ಬೆಲೆಗೆ ನನ್ನದನ್ನು ಹೋಲಿಸುವ ಗಿರಾಕಿಗೆ ನಾನು ಕೊಡುವುದಿಲ್ಲ. ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗಬೇಕು. ಮೆಷಿನ್ ಕ್ರೋಶಾ ಅಂತ ಮಾರುವುದನ್ನು ತಿರುಗಿಸಿ ನೋಡಿ, ಹೊಲಿಗೆಯೇ ಬೇರೆ.

ಸೆಪ್ಟೆಂಬರ್‌ನಲ್ಲಿ ಚಿಕ್ಕಮ್ಮ ಬಂದಿದ್ದರು, ಹೋಂಸ್ಟೇಗೆ ಕರೆದುಕೊಂಡು ಹೋದೆ. ಒಂದು ದಳವನ್ನು ಎರಡು ಬೆರಳಲ್ಲಿ ಉಜ್ಜಿದರು, ಗಂಜಿ ಪುಡಿ ಉದುರುತ್ತಾ ಅಂತ. ಆಮೇಲೆ ಕೇಳಿದ್ದು ಇಷ್ಟೇ: "ಹುರಿ ಎಷ್ಟು ಎಳೆ ಇಟ್ಟೆ?"

ಈಗ ಬೆಡ್‌ಶೀಟಿನ ಮೇಲೆ ಬೋರಲು ಬಿದ್ದಿರುವುದು ರವಿಕೆ ಬೆನ್ನಿಗೆ ಒಂದು ತುಂಡು, 60ನೇ ನಂಬರ್ ದಾರ, 0.75 ಕಡ್ಡಿ, ಹುರಿ ಎರಡೇ ಎಳೆ. ಮೈಗೆ ತಾಗುವ ಬಟ್ಟೆ ಅಲ್ವಾ, ಮೆತ್ತಗೂ ಇರಬೇಕು, ಆಕಾರವೂ ನಿಲ್ಲಬೇಕು. ಎರಡು ಎಳೆ ಸಾಲುತ್ತಿಲ್ಲ, ಮೂರಕ್ಕೆ ಚುಚ್ಚುತ್ತೆ. ಹುರಿಗೆ ರೇಷ್ಮೆ ದಾರ ಇಟ್ಟು ನಾಳೆಯಿಂದ ಒಂದು ಹೂವು ಹಾಕಿ ನೋಡುತ್ತೇನೆ.